ಕಾರ್ಲ್ ಥಿಯೊಡೋರ್ ಡ್ರೈಯರನ ಚರಿತ್ರೆ

ಸಿನೆಮಾ ಎಂಬ ಹೆಸರೆತ್ತಿದೊಡನೆ ನಮ್ಮ ಸಭೆಗಳ ಹಿರಿಯರು ಮೋರೆ ತಿರುಗಿಸುತ್ತಿದ್ದ ಕಾಲವೊಂದಿತ್ತು. ಅವರು ಪೂರಾ ತಪ್ಪಿದರೆಂದು ಹೇಳಲಾರೆವು. ತೆರೆಯ ಮೇಲೆ ಹಾದುಹೋಗುವದರಲ್ಲಿ ಹೊಟ್ಟೇ ಹೆಚ್ಚು. ಆದರೆ ಹೊಟ್ಟಿನ ನಡುವೆ ಕಾಳೂ ಉಂಟೆಂಬದಕ್ಕೆ ಡೆನ್ಮಾರ್ಕ್ ದೇಶದ ಒಬ್ಬ ಚಿತ್ರನಿರ್ದೇಶಕನ ಚರಿತ್ರೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ತಂದೆತಾಯಿಗಳ ಮುಂದೆ ಇಡುತ್ತೇವೆ.

ಕಾರ್ಲ್ ಥಿಯೊಡೋರ್ ಡ್ರೈಯರನು 1889ನೆಯ ಇಸವಿ ಫೆಬ್ರವರಿ 3ರಂದು ಕೋಪನ್‌ಹೇಗನ್ ನಗರದಲ್ಲಿ ಹುಟ್ಟಿದನು. ತಾಯಿಯಾದ ಜೋಸೆಫೀನ್ ನಿಲ್ಸನ್ ಎಂಬವಳು ಸ್ವೀಡನ್ ದೇಶದಲ್ಲಿ ಒಬ್ಬ ಜಮೀನುದಾರನ ಮನೆಯ ಊಳಿಗದವಳು. ಮದುವೆಯಿಲ್ಲದೆ ತಾಯಿಯಾಗುವವಳಿಗೆ ಆ ಕಾಲದಲ್ಲಿ ತನ್ನವರ ನಡುವೆ ತಲೆಯೆತ್ತಿ ನಿಲ್ಲುವ ಠಾವಿರಲಿಲ್ಲ. ಆದದರಿಂದ ಅವಳು ಪರದೇಶಕ್ಕೆ ಬಂದು ಹೆತ್ತು, ಕೂಸನ್ನು ಅನ್ಯರ ವಶಕ್ಕೆ ಕೊಟ್ಟಳು. ಎರಡು ವರುಷಗಳಾಗುವಷ್ಟರಲ್ಲಿ ಮತ್ತೆ ಅದೇ ಸಂಕಟಕ್ಕೆ ಸಿಕ್ಕಿ, ಗರ್ಭವನ್ನು ಇಳಿಸಿಕೊಳ್ಳುವದಕ್ಕಾಗಿ ಬೆಂಕಿಕಡ್ಡಿಗಳ ತುದಿಯ ರಂಜಕವನ್ನು ನುಂಗಿ 1891ರಲ್ಲಿ ಪ್ರಾಣಬಿಟ್ಟಳು. ಇಂಥ ಸಂಗತಿಯನ್ನು ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಲ್ಲಿ ಬರೆಯಬಹುದೋ ಎಂದು ಬಹಳ ಯೋಚಿಸಿದೆವು. ಇದನ್ನು ಮುಚ್ಚಿಟ್ಟರೆ ಈ ಮನುಷ್ಯನ ಜೀವಮಾನದ ಕೆಲಸದ ಅರ್ಥವೇ ತಿಳಿಯದು.

ಕೂಸನ್ನು ದತ್ತು ತೆಗೆದುಕೊಂಡವನು ಅಚ್ಚುಮೊಳೆ ಜೋಡಿಸುವ ಕೆಲಸದವನು. ಅವನ ಹೆಸರೇ ಹುಡುಗನ ಹೆಸರಾಯಿತು. ಆ ಮನೆಯಲ್ಲಿ ಅನ್ನವಿತ್ತು, ಅಕ್ಕರೆಯಿರಲಿಲ್ಲ. ತಿನ್ನುವ ತುತ್ತಿಗೆ ಕೃತಜ್ಞನಾಗಿರಬೇಕೆಂಬ ಮಾತು ಅವನ ಕಿವಿಗೆ ಬೀಳುತ್ತಲೇ ಇತ್ತು. ಪ್ರಾಯಕ್ಕೆ ಬಂದ ಮೇಲೆ ತನ್ನ ಹೆತ್ತ ತಾಯಿಯ ಗತಿ ಏನಾಯಿತೆಂದು ಅವನು ಅರಿತುಕೊಂಡನು.

ಪತ್ರಿಕೆಗಳಿಗೆ ಬರೆದು, ಬಳಿಕ ನೋರ್ಡಿಸ್ಕ್ ಕಂಪೆನಿಯಲ್ಲಿ ಮೂಕಚಿತ್ರಗಳ ನಡುವೆ ತೋರಿಸುವ ಬರಹಗಳನ್ನು ರಚಿಸಿ, 1919ರಲ್ಲಿ ತನ್ನ ಮೊದಲನೆಯ ಚಿತ್ರವನ್ನು ಹೊರತಂದನು. ಅದರ ಕಥೆಯಲ್ಲಿ ಒಬ್ಬ ನ್ಯಾಯಾಧಿಪತಿಯ ಎದುರಿಗೆ ಅಪರಾಧಿಯಾಗಿ ಬರುವವಳು ಮದುವೆಯಿಲ್ಲದೆ ಹುಟ್ಟಿದ ಅವನ ಮಗಳೇ.

ಅವನ ಹೆಸರು ಲೋಕದಲ್ಲಿ ನಿಂತದ್ದು 1928ರ ಮೂಕಚಿತ್ರದಿಂದ. ಅದು ಫ್ರಾನ್ಸ್ ದೇಶದ ಜೋನಳ ಶ್ರಮೆಯನ್ನು ಕುರಿತದ್ದು. 1431ರಲ್ಲಿ ರೂವಾನ್ ಪಟ್ಟಣದಲ್ಲಿ ಸುಡಲ್ಪಟ್ಟ ಆ ಹುಡುಗಿಯ ಕಥೆಯೆಂದರೆ ಕುದುರೆ, ಖಡ್ಗ, ಕೋಟೆಗಳಿಗೆ ಕೊರತೆಯಿಲ್ಲ. ಡ್ರೈಯರನು ಅವೆಲ್ಲವನ್ನೂ ಬಿಟ್ಟು ವಿಚಾರಣೆಯ ದಫ್ತರವನ್ನೇ ಆಧಾರವಾಗಿ ಹಿಡಿದು, ತಿಂಗಳುಗಟ್ಟಲೆ ನಡೆದದ್ದನ್ನು ಒಂದೇ ದಿನದ ಸಂಗತಿಯೆಂಬಂತೆ ಅಡಕಮಾಡಿದನು. ಜೋನಳಾದವಳು ಫಾಲ್ಕೊನೆಟ್ಟಿ ಎಂಬ ನಾಟಕದ ನಟಿ. ಯಾರ ಮೋರೆಗೂ ಬಣ್ಣವಿಲ್ಲ. ಕಡೆಯಲ್ಲಿ ಅವಳ ತಲೆಗೂದಲನ್ನು ನಿಜವಾಗಿಯೂ ಕತ್ತರಿಸಿದರು. ಒಂದು ಕಡೆ ಪಂಡಿತರ ಸುಕ್ಕುಗಟ್ಟಿದ ಮುಖಗಳು, ಇನ್ನೊಂದು ಕಡೆ ಹತ್ತೊಂಬತ್ತು ವರುಷದ, ಓದುಬರಹವಿಲ್ಲದ ಹುಡುಗಿಯ ಕಣ್ಣೀರು. ಚಿತ್ರದ ಬಹುಭಾಗ ಇಷ್ಟೇ. ಅವಳು ಒಮ್ಮೆ ಭಯಪಟ್ಟು ಸಹಿಮಾಡುತ್ತಾಳೆ, ಆಮೇಲೆ ಪಶ್ಚಾತ್ತಾಪಪಟ್ಟು ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾಳೆ. ಪೇತ್ರನು ಕೋಳಿ ಕೂಗಿದಾಗ ಅತ್ತದ್ದು ನಮ್ಮ ಭಾನುವಾರದ ಶಾಲೆಯ ಮಕ್ಕಳಿಗೆಲ್ಲಾ ಗೊತ್ತು. ಆ ಅಳು ಎಂಥದ್ದೆಂದು ನಮಗೆ ಈ ಚಿತ್ರದಿಂದ ತಿಳಿಯಿತು.

ಫ್ರಾನ್ಸಿನಲ್ಲಿ ಸಭೆಯ ಅಧಿಕಾರಿಗಳೂ ಸರಕಾರದವರೂ ಚಿತ್ರಕ್ಕೆ ಕತ್ತರಿ ಹಾಕಿಸಿದರು. ಹಣವೂ ಬರಲಿಲ್ಲ. ಮೂಲಪ್ರತಿಯು ಅದೇ ವರುಷದ ಕೊನೆಗೆ ಬರ್ಲಿನಿನಲ್ಲಿ ಬೆಂಕಿಗೆ ತುತ್ತಾಯಿತು. ಬಿಟ್ಟ ತುಂಡುಗಳನ್ನು ಕೂಡಿಸಿ ಎರಡನೆಯ ಪ್ರತಿಯನ್ನು ಸಿದ್ಧಪಡಿಸಿದರೆ ಅದೂ ಸುಟ್ಟುಹೋಯಿತು. 1932ರ ಇನ್ನೊಂದು ಚಿತ್ರವೂ ಸೋತ ಮೇಲೆ ಅವನು ಸುಮಾರು ಹತ್ತು ವರುಷ ಪತ್ರಿಕೆಯ ಕೆಲಸದಿಂದಲೇ ಹೊಟ್ಟೆಹೊರೆದನು.

1955ರಲ್ಲಿ ಬಂದ ವಾಕ್ಯ ಎಂಬ ಚಿತ್ರಕ್ಕೆ ವೆನಿಸ್ ಉತ್ಸವದಲ್ಲಿ ಸುವರ್ಣ ಸಿಂಹದ ಪಾರಿತೋಷಕವು ದೊರೆಯಿತು. ಮೂಲವು ಕಾಯ್ ಮುಂಕ್ ಎಂಬ ಬೋಧಕನ ನಾಟಕ. ಅವನನ್ನು 1944ರಲ್ಲಿ ಜರ್ಮನ್ ಗುಪ್ತಪೊಲೀಸರು ಗುಂಡಿಕ್ಕಿ ಕೊಂದಿದ್ದರು. ಕಥೆಯು ಒಂದು ಒಕ್ಕಲು ಮನೆಯದು. ಮುದುಕ ಯಜಮಾನನ ಹಿರಿಯ ಮಗನಿಗೆ ದೇವರಲ್ಲಿ ನಂಬಿಕೆಯಿಲ್ಲ. ಎರಡನೆಯವನಾದ ಯೊಹಾನ್ನೆಸನು ವೇದಾಂತಗ್ರಂಥಗಳನ್ನು ಓದಿ ಓದಿ ಬುದ್ಧಿಭ್ರಮಣೆಯಿಂದ ತಾನೇ ಕ್ರಿಸ್ತನೆಂದು ಹೇಳಿಕೊಳ್ಳುತ್ತಾನೆ. ಮೂರನೆಯವನ ಮದುವೆಯು ಎರಡು ಪಂಗಡಗಳ ಹಗೆತನದಿಂದ ನಿಂತಿದೆ. (ಎರಡೂ ಕ್ರೈಸ್ತ ಪಂಗಡಗಳೇ, ಇದನ್ನು ನಮ್ಮವರಿಗೆ ವಿವರಿಸುವ ಅಗತ್ಯವಿಲ್ಲ.) ಈ ಮನೆಯನ್ನು ಹಿಡಿದು ನಿಲ್ಲಿಸಿದವಳು ಹಿರಿಯ ಸೊಸೆಯಾದ ಇಂಗರ್. ಅವಳು ಹೆರಿಗೆಯಲ್ಲಿ ಸಾಯುತ್ತಾಳೆ, ಕೂಸೂ ಉಳಿಯುವದಿಲ್ಲ. ಶವಪೆಟ್ಟಿಗೆಯ ಸುತ್ತಲೂ ಬೋಧಕನೂ ವೈದ್ಯನೂ ಭಕ್ತರೂ ನಿಂತಿದ್ದಾರೆ. ಅವಳನ್ನು ಹಿಂದಕ್ಕೆ ಕೊಡಬೇಕೆಂದು ದೇವರನ್ನು ಕೇಳುವ ಧೈರ್ಯ ಒಬ್ಬರಿಗೂ ಇಲ್ಲ. ಬುದ್ಧಿ ಸ್ವಸ್ಥವಾಗಿ ಹಿಂದಿರುಗಿದ ಯೊಹಾನ್ನೆಸನ ಬಳಿಗೆ ಸತ್ತವಳ ಪುಟ್ಟ ಮಗಳು ಬಂದು, ಅವನ ಕೈಹಿಡಿದು, ಬೇಗನೆ ಎಬ್ಬಿಸು ಎಂದು ಒತ್ತಾಯಪಡಿಸುತ್ತಾಳೆ. ಅವನು ಯೇಸುವಿನ ಹೆಸರಿನಲ್ಲಿ ಕರೆಯುತ್ತಾನೆ. ಮಡಿಸಿಟ್ಟ ಕೈಗಳು ಮೆಲ್ಲನೆ ಅಲುಗುತ್ತವೆ.

ಮರುವರುಷ ಅಮೇರಿಕದ ಡಿಮಿಲ್ಲನು ಕೆಂಪು ಸಮುದ್ರವನ್ನು ಇಬ್ಭಾಗಮಾಡಿ ತೋರಿಸಿದನು. ಅದನ್ನು ನೋಡಿ ಬೆರಗಾದದ್ದು ನಿಜ. ಆದರೆ ನಮ್ಮ ಮನಸ್ಸಿನಲ್ಲಿ ಉಳಿದದ್ದು ಆ ಮಗುವಿನ ಸಣ್ಣ ಕೈಯೇ. ಎರಡು ವರುಷ ತುಂಬುವ ಮುಂಚೆಯೇ ತಾಯಿಯನ್ನು ಕಳಕೊಂಡವನು ಅರವತ್ತಾರನೆಯ ವಯಸ್ಸಿನಲ್ಲಿ ಒಂದು ಮಗುವಿಗೆ ಅದರ ತಾಯಿಯನ್ನು ತಿರುಗಿ ಕೊಟ್ಟನು. ಅವನು ಇದನ್ನು ತಿಳಿದೇ ಮಾಡಿದನೋ ಎಂದು ಯಾರು ಹೇಳಬಲ್ಲರು? ನಮಗಂತೂ ಹಾಗೆಯೇ ತೋರುತ್ತದೆ.

ಅವನ ದೊಡ್ಡ ಬಯಕೆಯು ಯೇಸುಸ್ವಾಮಿಯ ಚರಿತ್ರೆಯನ್ನು ಚಿತ್ರಿಸಬೇಕೆಂಬದಾಗಿತ್ತು. 1949–50ರಲ್ಲಿ ಅಮೇರಿಕದಲ್ಲಿದ್ದು ಅದರ ಕಥನವನ್ನು ಬರೆದನು. ಯೂದ್ಯರ ಮೇಲೆ ನಡೆದ ಘೋರ ಹಿಂಸೆಯನ್ನು ಕಂಡವನಾದದರಿಂದ, ಯೇಸುವನ್ನು ಯೂದ್ಯನನ್ನಾಗಿಯೇ ತೋರಿಸಬೇಕೆಂದೂ, ಶಿಲುಬೆಯ ಅಪರಾಧವನ್ನು ಆ ಜನಾಂಗದ ಮೇಲೆ ಹೊರಿಸಕೂಡದೆಂದೂ ನಿಶ್ಚಯಿಸಿದ್ದನು. ಹಣ ಹಾಕುವವರು ಸಿಕ್ಕಲಿಲ್ಲ. ಕಡೆಗೆ 1967ರಲ್ಲಿ ಡೆನ್ಮಾರ್ಕಿನ ಸರಕಾರವು ಸಹಾಯಕ್ಕೆ ಮುಂದೆ ಬಂದಿತು. 1968ನೆಯ ಮಾರ್ಚ್ 20ರಂದು, ಕೆಲಸ ಆರಂಭವಾಗುವದಕ್ಕೆ ಮೊದಲೇ, ಡ್ರೈಯರನು ತನ್ನ ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡನು.

ಹದಿಮೂರು ವರುಷಗಳ ಮೇಲೆ, 1981ರಲ್ಲಿ, ನಾರ್ವೆಯ ಓಸ್ಲೋ ನಗರದ ಸಮೀಪದ ಒಂದು ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿ ಹಳೆಯ ಫಿಲ್ಮಿನ ಡಬ್ಬಗಳು ಸಿಕ್ಕಿದವು. ತೆರೆದು ಪರೀಕ್ಷಿಸಿದಾಗ, ಅವುಗಳೊಳಗೆ ಕತ್ತರಿ ಬೀಳದಿದ್ದ ಜೋನಳ ಚಿತ್ರವು ಡ್ರೈಯರನು ಮೊದಲು ಮಾಡಿದ್ದ ರೂಪದಲ್ಲಿಯೇ ಇತ್ತು.