ಟಿಬೆಟಿಯನ್ ನಿರಾಶ್ರಿತರಿಗೆ ನೆಲೆ ಒದಗಿಸಿದ ಎಸ್. ನಿಜಲಿಂಗಪ್ಪ

ಕರಾವಳಿಯವರಾದ ನಮಗೆ ಸಿದ್ದಾಪುರವೆಂದರೆ ಕುಂದಾಪುರದ ಕಡೆಯದೋ ಶಿರಸಿಯ ಹತ್ತಿರದ್ದೋ ನೆನಪಿಗೆ ಬರುತ್ತದೆ. ಇಲ್ಲಿ ಹೇಳುತ್ತಿರುವುದು ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮುರು ತಾಲೂಕಿನ ಸಿದ್ದಾಪುರದ ಬಗ್ಗೆ. ಮಳೆ ಕಡಿಮೆ, ಬಂಡೆಗಲ್ಲು ಹೆಚ್ಚು ಇರುವ ನಾಡು ಅದು. ಈ ಊರಿನಲ್ಲಿಯೂ ಸಮೀಪದ ಬ್ರಹ್ಮಗಿರಿ ಮತ್ತು ಜಟಿಂಗ ರಾಮೇಶ್ವರ ಬೆಟ್ಟಗಳಲ್ಲಿಯೂ 1892ರಲ್ಲಿ ಬಿ.ಎಲ್. ರೈಸ್ ಅವರು ಅಶೋಕ ಚಕ್ರವರ್ತಿಯ ಶಾಸನಗಳನ್ನು ಪತ್ತೆ ಮಾಡಿದರು. ತಂದೆತಾಯಿಯರಿಗೆ ವಿಧೇಯತೆ, ಜೀವಿಗಳಲ್ಲಿ ದಯೆ, ಸತ್ಯವನ್ನೇ ನುಡಿಯುವುದು ಇವು ಆ ಬಂಡೆಗಳ ಬೋಧನೆ. ಅವನ್ನು ಬರೆದವನು ಚಪಡ ಎಂಬ ಲಿಪಿಕಾರ. ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದರೂ ಕೊನೆಯಲ್ಲಿ ತನ್ನ ವೃತ್ತಿಯನ್ನು ಮಾತ್ರ ಆತ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ವಾಯವ್ಯದ ಗಾಂಧಾರದ ಕಡೆಯ ಲಿಪಿ. ಹಾಗಾಗಿ ಆತ ಅಷ್ಟು ದೂರದಿಂದ ಬಂದವನಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ.

ಇದೇ ಮೊಳಕಾಲ್ಮುರು ಕ್ಷೇತ್ರದಿಂದ 1957ರಲ್ಲಿ ವಿಧಾನಸಭೆಗೆ ಆರಿಸಿ ಬಂದವರು ಸಿದ್ದವನಹಳ್ಳಿ ನಿಜಲಿಂಗಪ್ಪನವರು. ಬೌದ್ಧ ದೊರೆಯ ಬುದ್ಧಿಮಾತು ಕೆತ್ತಿದ ನೆಲದ ಪ್ರತಿನಿಧಿಯೇ ಮುಂದೆ ಸಾವಿರಾರು ಬೌದ್ಧ ನಿರಾಶ್ರಿತರಿಗೆ ಆಸರೆಯಾದದ್ದು ಆಕಸ್ಮಿಕವೇ ಇರಬಹುದು. ಆದರೂ ಗಮನಾರ್ಹ.

ನಿಜಲಿಂಗಪ್ಪನವರು ಜನಿಸಿದ್ದು 1902ರ ಡಿಸೆಂಬರ್ 10ರಂದು, ಹರಪನಹಳ್ಳಿ ತಾಲೂಕಿನ ಹಲುವಾಗಲಿನಲ್ಲಿ. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡರು. ಹುಟ್ಟೂರು ಅಂದು ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು; ಅವರು ಪದವಿ ಪಡೆದದ್ದು ಮೈಸೂರು ಸಂಸ್ಥಾನದ ಬೆಂಗಳೂರಿನಲ್ಲಿ, ಕಾನೂನು ಓದಿದ್ದು ಮುಂಬಯಿ ಪ್ರಾಂತ್ಯದ ಪುಣೆಯಲ್ಲಿ, ವಕೀಲಿ ಮಾಡಿದ್ದು ಚಿತ್ರದುರ್ಗದಲ್ಲಿ. ಒಂದೇ ಭಾಷೆಯ ಜನ ಹಲವು ಆಡಳಿತಗಳಲ್ಲಿ ಹಂಚಿಹೋದರೆ ಏನಾಗುತ್ತದೆ ಎಂಬುದನ್ನು ಅವರು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ. ಸ್ವಾತಂತ್ರ್ಯ ಹೋರಾಟದಲ್ಲಿ ಸೆರೆವಾಸ ಅನುಭವಿಸಿದರು, ಸಂವಿಧಾನ ರಚನಾ ಸಭೆಯ ಸದಸ್ಯರಾದರು, ಕರ್ನಾಟಕ ಏಕೀಕರಣಕ್ಕೆ ದುಡಿದರು. 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯದ ಪ್ರಥಮ ಮುಖ್ಯಮಂತ್ರಿಯಾದರು.

ಅದೇ ಚಳಿಗಾಲದಲ್ಲಿ ಬುದ್ಧ ಜಯಂತಿಯ 2500ನೇ ವರ್ಷಾಚರಣೆಗೆಂದು ತರುಣ ದಲೈ ಲಾಮಾ ಭಾರತಕ್ಕೆ ಬಂದಿದ್ದರು. ನಿಜಲಿಂಗಪ್ಪನವರ ಪರಿಚಯ ಆ ಪ್ರವಾಸದಲ್ಲೇ ಆಯಿತೆಂದು ಅವರು ನಂತರ ಸ್ಮರಿಸಿಕೊಂಡಿದ್ದಾರೆ. ಮೂರು ವರ್ಷ ತುಂಬುವ ಮೊದಲೇ, 1959ರ ಮಾರ್ಚ್‌ನಲ್ಲಿ, ಅವರು ಅತಿಥಿಯಾಗಿ ಅಲ್ಲ, ನಿರಾಶ್ರಿತರಾಗಿ ಗಡಿ ದಾಟಬೇಕಾಯಿತು. ಅವರ ಹಿಂದೆ ಸುಮಾರು 80,000 ಟಿಬೆಟಿಯನ್ನರು ಬಂದರು. ಅನೇಕರು ಹಿಮಾಲಯದ ರಸ್ತೆ ಕಾಮಗಾರಿಗಳಲ್ಲಿ ಕಲ್ಲು ಒಡೆಯುತ್ತ ದಿನ ದೂಡಿದರು. ಜಮೀನು ಕೊಡುವಿರಾ ಎಂದು ಪ್ರಧಾನಿ ನೆಹರೂ ರಾಜ್ಯಗಳನ್ನು ವಿಚಾರಿಸಿದಾಗ ದೊಡ್ಡ ಮನಸ್ಸು ಮಾಡಿದ್ದು ಮೈಸೂರು ರಾಜ್ಯ. ಪಿರಿಯಾಪಟ್ಟಣ ತಾಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ದೊರೆಯಿತು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಬೈಲಕುಪ್ಪೆಯಲ್ಲಿ 1960ರ ಕೊನೆಗೆ ಮೊದಲ ತಂಡ ಕಾಡು ಕಡಿಯತೊಡಗಿದಾಗ ಮುಖ್ಯಮಂತ್ರಿಯಾಗಿದ್ದವರು ಬಿ.ಡಿ. ಜತ್ತಿಯವರು. ಜನರ ಬಾಯಲ್ಲಿ ಮಾತ್ರ ಇಡೀ ಶ್ರೇಯ ನಿಜಲಿಂಗಪ್ಪನವರದು. ಜತ್ತಿಯವರ ಪಾಲನ್ನು ಮರೆಯುವುದು ನ್ಯಾಯವಲ್ಲ. ಆದರೆ ನಿರಾಶ್ರಿತರನ್ನು ಕರೆತಂದು ಡೇರೆಯಲ್ಲಿ ಇಳಿಸುವುದು ಒಂದು ಕೆಲಸ, ಅವರು ಬೇರು ಬಿಡುವವರೆಗೆ ಜೊತೆಗಿರುವುದು ಇನ್ನೊಂದು ಕೆಲಸ. ತಣ್ಣನೆಯ ಎತ್ತರದ ನಾಡಿನವರಿಗೆ ನಮ್ಮ ಸೆಖೆ ತಡೆಯಲಾಗುತ್ತಿರಲಿಲ್ಲ. ಬೆಳೆಗೆ ಕಾಡಾನೆಗಳ ಕಾಟ. 1962ರ ಜೂನ್‌ನಿಂದ 1968ರ ಮೇವರೆಗೆ, ಆ ಕಷ್ಟದ ವರ್ಷಗಳಲ್ಲಿ, ನಿಜಲಿಂಗಪ್ಪನವರು ಮತ್ತೆ ಮುಖ್ಯಮಂತ್ರಿಯಾಗಿದ್ದರು. ಉತ್ತರ ಕನ್ನಡದ ಮುಂಡಗೋಡದಲ್ಲಿ ಸುಮಾರು 4,000 ಎಕರೆಯ ಎರಡನೆಯ ದೊಡ್ಡ ವಸತಿ 1966ರಲ್ಲಿ ಆರಂಭವಾದದ್ದು ಅವರ ಅವಧಿಯಲ್ಲೇ. ಧರ್ಮಕೇಂದ್ರಗಳ ಸೇವಾಕರ್ತರಿಗೆಲ್ಲ ಮೈರಾಡ ಸಂಸ್ಥೆಯ ಹೆಸರು ಗೊತ್ತು. ಸ್ವಸಹಾಯ ಸಂಘಗಳಿಗೆ ಹೆಸರಾದ ಆ ಸಂಸ್ಥೆ 1968ರಲ್ಲಿ ಹುಟ್ಟಿದ್ದೇ ಟಿಬೆಟಿಯನ್ನರ ಪುನರ್ವಸತಿಗಾಗಿ.

ಹೊರಗಿನವರಿಗೆ ಸಾವಿರಾರು ಎಕರೆ ಏಕೆ, ನಮ್ಮಲ್ಲೇ ಭೂಹೀನರಿಲ್ಲವೇ ಎಂಬ ಪ್ರಶ್ನೆ ಇಂಥ ಕಡೆಯಲ್ಲೆಲ್ಲ ಏಳುತ್ತದೆ. ಅದನ್ನು ಹಗುರವಾಗಿ ತಳ್ಳಿಹಾಕಬಾರದು. ಸ್ವಂತ ಜಿಲ್ಲೆಯ ಬರವನ್ನು ಕಣ್ಣಾರೆ ಕಂಡ ನಿಜಲಿಂಗಪ್ಪನವರಿಗೆ ಆ ಪ್ರಶ್ನೆಯ ತೂಕ ತಿಳಿಯದ್ದಲ್ಲ. ಹಾಗಿದ್ದೂ ಆ ವಸತಿಗಳಿಗೆ ದೊರೆತದ್ದು ಗಂಜಿಕೇಂದ್ರವಲ್ಲ; ಉಳುವ ಹೊಲ, ಸಹಕಾರ ಸಂಘ, ತಮ್ಮ ಭಾಷೆಯನ್ನೂ ಕಲಿಸುವ ಶಾಲೆ. ಬಂದವರು ಕೈಚಾಚದೆ ಬದುಕಿದರು, ಮೆಕ್ಕೆಜೋಳ ಬೆಳೆದರು, ಚಳಿಗಾಲದಲ್ಲಿ ನಮ್ಮ ಪೇಟೆಗಳಿಗೆ ಸ್ವೆಟರ್ ಮಾರಲು ಬಂದರು. ಗೋವಾದಿಂದ ಬಂದು ಕೆನರಾದಲ್ಲಿ ನೆಲೆ ಕಂಡವರ ಮಕ್ಕಳು, ಗಲ್ಫ್‌ನ ಪರವಾನಗಿಯ ಮೇಲೆ ಮನೆ ಕಟ್ಟಿದವರು ನಾವು. ಇದರ ಬೆಲೆ ನಮಗೆ ಬೇರೆಯವರು ಹೇಳಬೇಕಾಗಿಲ್ಲ.

ಎಲ್ಲವೂ ಸರಿಹೋಯಿತೆಂದಲ್ಲ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಕಾಗದದಲ್ಲಿ ಟಿಬೆಟಿಯನ್ನರು ವಿದೇಶಿಯರು, ನೋಂದಣಿ ಪತ್ರವನ್ನು ನವೀಕರಿಸುತ್ತಲೇ ಇರಬೇಕು. 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲು ಇಲ್ಲಿ ಹುಟ್ಟಿದವರು ಕಾನೂನಿನಂತೆ ಭಾರತೀಯರೇ ಆದರೂ ಆ ಹಕ್ಕಿಗಾಗಿ ಕೋರ್ಟು ಹತ್ತಬೇಕಾಯಿತು. ಕರ್ನಾಟಕ ಹೈಕೋರ್ಟ್ 2013ರಲ್ಲಿ ಅದನ್ನು ಎತ್ತಿಹಿಡಿಯಿತು. 2014ರಲ್ಲಿ ಚುನಾವಣಾ ಆಯೋಗವು ಅಂಥವರನ್ನು ಮತದಾರರ ಪಟ್ಟಿಗೆ ಸೇರಿಸಲು ಸೂಚಿಸಿತು. ಪೌರತ್ವ ಪಡೆದರೆ ತಾಯ್ನಾಡಿಗೆ ಮರಳುವ ಆಸೆ ಬಿಟ್ಟಂತೆ ಎಂದು ಹಿಂಜರಿಯುವವರೂ ಅವರಲ್ಲಿದ್ದಾರೆ.

ನಿಜಲಿಂಗಪ್ಪನವರು 1968ರಲ್ಲಿ ಅಖಿಲ ಭಾರತ ಕಾಂಗ್ರೆಸ್ ಅಧ್ಯಕ್ಷರಾದರು. ಮರುವರ್ಷ ಪಕ್ಷ ಒಡೆಯಿತು. ಮುಂದೆ ರಾಜಕೀಯದಿಂದ ಹಿಂದೆ ಸರಿದು ಚಿತ್ರದುರ್ಗದಲ್ಲಿ ಸರಳವಾಗಿ ಬದುಕಿ, 2000ನೇ ಆಗಸ್ಟ್ 8ರಂದು ತಮ್ಮ 97ನೇ ವಯಸ್ಸಿನಲ್ಲಿ ನಿಧನರಾದರು. ಚಿತ್ರದುರ್ಗದ ಹತ್ತಿರ ಸೀಬಾರದಲ್ಲಿ ಅವರ ಸ್ಮಾರಕವಿದೆ. 2011ರ ಜನವರಿಯಲ್ಲಿ ಅದನ್ನು ಉದ್ಘಾಟಿಸಲು ಬಂದವರು ದಲೈ ಲಾಮಾ.