ಬೆಳಕಿಗೆ ಅಂಜದ ಸುರುಳಿ

1854ರಲ್ಲಿ ಅಮೆರಿಕದಲ್ಲಿ ಜನಿಸಿದ ಜಾರ್ಜ್ ಈಸ್ಟ್‌ಮನ್, ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡು, ಹದಿನಾಲ್ಕರಲ್ಲಿ ಶಾಲೆ ತೊರೆದು, ಮುಂದೆ ಬ್ಯಾಂಕಿನ ಗುಮಾಸ್ತನಾದನು. ಗಾಜಿನ ಫಲಕಗಳ ಹೊರೆಯಿಂದ ಛಾಯಾಗ್ರಹಣವನ್ನು ಬಿಡಿಸುವುದೇ ಅವನ ಹಂಬಲವಾಯಿತು. 1888ರ ಕೊಡಕ್ ಕ್ಯಾಮರಾದಲ್ಲಿ ನೂರು ಚಿತ್ರಗಳ ಸುರುಳಿಯಿತ್ತು. ಅದು ಮುಗಿದರೆ ಸಾಮಾನ್ಯರು ಪೆಟ್ಟಿಗೆಯನ್ನೇ ಕಾರ್ಖಾನೆಗೆ ಕಳುಹಬೇಕಿತ್ತು. ಕಪ್ಪು ಕಾಗದದ ಬೆನ್ನುಳ್ಳ ಸುರುಳಿಯನ್ನು ರೂಪಿಸಿದವನು ಬೋಸ್ಟನ್ನಿನ ಸ್ಯಾಮ್ಯುಯೆಲ್ ಟರ್ನರ್. 1895ರಲ್ಲಿ ಈಸ್ಟ್‌ಮನ್ ಆ ಹಕ್ಕನ್ನು ಕೊಂಡನು. ಇನ್ನು ಕತ್ತಲೆಕೋಣೆ ಬೇಕಿರಲಿಲ್ಲ. ನೆರಳಿನಲ್ಲಿ ನಿಂತು, ಸುರುಳಿ ಸಡಿಲವಾಗದಂತೆ ಬೆರಳಿನಿಂದ ಒತ್ತಿಹಿಡಿದು, ಕಾಗದದ ತುದಿಯನ್ನು ಬರಿಯ ಉರುಳೆಯ ಸೀಳಿಗೆ ಸಿಕ್ಕಿಸಿ, ಮುಚ್ಚಳವಿಕ್ಕಿ, ಕೆಂಪು ಕಿಂಡಿಯಲ್ಲಿ 1 ಮೂಡುವವರೆಗೆ ತಿರುಗಿಸಿದರೆ ಸಾಕು. 1900ರಲ್ಲಿ ಒಂದು ಡಾಲರಿನ ಬ್ರೌನಿ ಮಕ್ಕಳ ಕೈಗೂ ಬಂದಿತು. ಸಂಪತ್ತಿನ ಬಹುಭಾಗವನ್ನು ದಾನಮಾಡಿದ ಆ ಅವಿವಾಹಿತನು, ಬೆನ್ನುಮೂಳೆಯ ವ್ಯಾಧಿಯಿಂದ ಬಳಲಿ, 1932ರಲ್ಲಿ ತನ್ನ ಬಾಳನ್ನು ತಾನೇ ಮುಗಿಸಿಕೊಂಡನು. ಮನೆಮನೆಗೂ ನೆನಪಿನ ಸಂಚಯವನ್ನು ಒದಗಿಸಿದವನ ಮನೆಯಲ್ಲಿ ಮಕ್ಕಳಿರಲಿಲ್ಲ.