ಮೇರಿ ಕ್ಯೂರಿ ಮತ್ತು ನೂರೈವತ್ತು ಮಹಿಳೆಯರು

ಬೋಧನಾಭ್ಯಾಸದ ಎರಡನೆಯ ವಾರ ಹತ್ತನೆಯ ತರಗತಿಗೆ ಓಮ್‌ನ ನಿಯಮದ ಪ್ರಯೋಗ ಮಾಡಿಸಿದೆ. ಒಟ್ಟು ಆರು ಗುಂಪುಗಳು. ಪ್ರತಿ ಗುಂಪಿನಲ್ಲೂ ಹುಡುಗರು, ಹುಡುಗಿಯರು ಇಬ್ಬರೂ ಇದ್ದರು. ಆರೂ ಗುಂಪುಗಳಲ್ಲಿ ತಂತಿ ಜೋಡಿಸಿದವರು ಹುಡುಗರು, ಕೋಷ್ಟಕ ಬರೆದವರು ಹುಡುಗಿಯರು. ಹಾಗೆ ಕೆಲಸ ಹಂಚಿದ್ದು ನಾನಲ್ಲ, ಅದು ತಾನಾಗಿಯೇ ಆಯಿತು. ರೆಕಾರ್ಡ್ ಪುಸ್ತಕ ತಿದ್ದುವಾಗ ಅಕ್ಷರ ಚೆನ್ನಾಗಿದೆ ಎಂದು ಬರೆದು ಹೆಚ್ಚು ಅಂಕ ಕೊಟ್ಟದ್ದು ಮಾತ್ರ ನಾನೇ.

ಮರುದಿನ, ಎಲ್ಲರಿಗಿಂತ ಅಂದವಾಗಿ ಕೋಷ್ಟಕ ಬರೆದಿದ್ದ ಹುಡುಗಿಯನ್ನು ಅಮ್ಮೀಟರನ್ನು ಮಂಡಲದಲ್ಲಿ ಹೇಗೆ ಜೋಡಿಸಬೇಕೆಂದು ಕೇಳಿದೆ. ಸರಣಿಯಲ್ಲಿ ಎಂದು ತಕ್ಷಣ ಹೇಳಿದಳು. ಮೇಜಿನ ಹತ್ತಿರ ಕರೆದು ಜೋಡಿಸಿ ತೋರಿಸಲು ಹೇಳಿದಾಗ ತಂತಿ ಕೈಯಲ್ಲಿ ಹಿಡಿದು ಸುಮ್ಮನೆ ನಿಂತಳು. ಹುಡುಗರು ನಕ್ಕರು. ಆಕೆ ತಂತಿ ಕೆಳಗಿಟ್ಟು ಜಾಗಕ್ಕೆ ಹೋಗಿ ಕುಳಿತಳು. ನನ್ನ ಪಾಠ ಯೋಜನೆಯಲ್ಲಿ ಉದ್ದೇಶಗಳೆಲ್ಲ ಈಡೇರಿವೆ ಎಂದು ಹಿಂದಿನ ದಿನವೇ ಬರೆದುಕೊಂಡಿದ್ದೆ.

ಆ ವಾರದ ವಿಜ್ಞಾನ ಸಂಘದ ಅವಧಿಯಲ್ಲಿ ಒಬ್ಬ ವಿಜ್ಞಾನಿಯ ಜೀವನವನ್ನು ಪರಿಚಯಿಸಬೇಕಿತ್ತು. ತರಗತಿಯ ಗೋಡೆಯ ಮೇಲೆ ಮೇರಿ ಕ್ಯೂರಿಯವರ ಚಿತ್ರಪಟವಿತ್ತು. ಎರಡು ನೊಬೆಲ್ ಪ್ರಶಸ್ತಿ, ಪೊಲೋನಿಯಂ, ರೇಡಿಯಂ ಎಂದು ಅದರಲ್ಲಿ ಬರೆದಿತ್ತು. ನಾನು ಶಾಲೆಯಲ್ಲಿ ಓದಿದ್ದೂ ಅಷ್ಟೇ. ಆ ಹುಡುಗಿ ತಂತಿ ಕೆಳಗಿಟ್ಟದ್ದು ಮನಸ್ಸಿನಲ್ಲಿದ್ದುದರಿಂದ, ಮೇರಿಯವರ ಕೈಗೆ ಉಪಕರಣ ಮೊದಲು ಬಂದದ್ದು ಯಾವಾಗ, ಕೊಟ್ಟವರು ಯಾರು ಎಂದು ಹುಡುಕುತ್ತ ಓದಿದೆ. ತರಗತಿಯಲ್ಲಿ ಹೇಳಿದ ಕ್ರಮದಲ್ಲೇ ಇಲ್ಲಿ ಬರೆಯುತ್ತಿದ್ದೇನೆ.

ಮರಿಯಾ ಸ್ಕ್ಲೊಡೊವ್ಸ್ಕಾ ಹುಟ್ಟಿದ್ದು 1867ರ ನವೆಂಬರ್ 7ರಂದು, ಪೋಲೆಂಡಿನ ವಾರ್ಸಾ ನಗರದಲ್ಲಿ. ಆಗ ಆ ಭಾಗ ರಷ್ಯಾ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು. ತಂದೆ ಗಣಿತ ಮತ್ತು ಭೌತವಿಜ್ಞಾನದ ಮೇಷ್ಟ್ರು, ತಾಯಿ ಹೆಣ್ಣುಮಕ್ಕಳ ಶಾಲೆಯೊಂದನ್ನು ನಡೆಸಿದವರು. ಪೋಲಿಷ್ ಶಾಲೆಗಳಲ್ಲಿ ಪ್ರಯೋಗ ಪಾಠವನ್ನು ಸರ್ಕಾರ ನಿಲ್ಲಿಸಿದಾಗ ತಂದೆ ಉಪಕರಣಗಳನ್ನು ಮನೆಗೆ ತಂದಿಟ್ಟರು. ಗಾಜಿನ ಬೀರುವಿನಲ್ಲಿದ್ದ ಆ ನಳಿಕೆಗಳನ್ನು, ತಕ್ಕಡಿಯನ್ನು ಮರಿಯಾ ನೋಡುತ್ತ ಬೆಳೆದಳು. ಹತ್ತನೆಯ ವಯಸ್ಸಿನಲ್ಲಿ ತಾಯಿಯನ್ನು ಕ್ಷಯರೋಗಕ್ಕೆ ಕಳೆದುಕೊಂಡಳು.

ಶಾಲೆಯಲ್ಲಿ ಚಿನ್ನದ ಪದಕ ಪಡೆದರೂ ವಾರ್ಸಾ ವಿಶ್ವವಿದ್ಯಾಲಯದಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ಮನೆಯಲ್ಲಿ ಹಣವೂ ಇರಲಿಲ್ಲ. ಅಕ್ಕ ಬ್ರೊನ್ಯಾ ಮತ್ತು ಮರಿಯಾ ಒಂದು ಒಪ್ಪಂದ ಮಾಡಿಕೊಂಡರು. ಮೊದಲು ಅಕ್ಕ ಪ್ಯಾರಿಸ್ಸಿಗೆ ಹೋಗಿ ವೈದ್ಯಶಾಸ್ತ್ರ ಓದುವುದು, ತಂಗಿ ದುಡಿದು ಹಣ ಕಳಿಸುವುದು, ಆಮೇಲೆ ಅಕ್ಕ ತಂಗಿಯನ್ನು ಓದಿಸುವುದು. ಮರಿಯಾ ಹಳ್ಳಿಯೊಂದರ ಶ್ರೀಮಂತರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ಕೆಲಸಕ್ಕೆ ಸೇರಿದಳು. ರಾತ್ರಿ ತಾನೇ ಗಣಿತ, ಭೌತವಿಜ್ಞಾನ ಓದಿಕೊಂಡಳು. ಅಲ್ಲಿನ ರೈತರ ಮಕ್ಕಳಿಗೆ ಓದು ಬರಹವನ್ನೂ ಕಲಿಸಿದಳು.

ಪ್ಯಾರಿಸ್ಸಿಗೆ ಹೊರಡುವ ಮೊದಲು ವಾರ್ಸಾದಲ್ಲಿ ಒಂದು ಬಾಗಿಲು ತೆರೆಯಿತು. ಕೈಗಾರಿಕೆ ಮತ್ತು ಕೃಷಿ ವಸ್ತುಸಂಗ್ರಹಾಲಯ ಎಂಬ ಹೆಸರಿನ ಸಂಸ್ಥೆಯಲ್ಲಿ ಒಂದು ಸಣ್ಣ ಪ್ರಯೋಗಾಲಯವಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ಮರಿಯಾಳ ಸಂಬಂಧಿ. ಆಕೆ ಅಲ್ಲಿಗೆ ಬಿಡುವಿನ ವೇಳೆಯಲ್ಲಿ ಹೋಗಿ ಪುಸ್ತಕದಲ್ಲಿ ಓದಿದ್ದ ಪ್ರಯೋಗಗಳನ್ನು ಒಬ್ಬಳೇ ಮಾಡಿ ನೋಡಿದಳು. ಎಷ್ಟೋ ಸಲ ಕೈಕೊಟ್ಟವು, ಕೆಲವು ಸರಿಹೋದವು. ಆಗ ಆಕೆಗೆ ಇಪ್ಪತ್ತಮೂರರ ಆಸುಪಾಸು. ಇಲ್ಲಿಗೆ ಬಂದಾಗ ನಾನು ಓದುವುದನ್ನು ಸ್ವಲ್ಪ ಹೊತ್ತು ನಿಲ್ಲಿಸಿದೆ. ಬಾಲ್ಯದಿಂದ ಗಾಜಿನಾಚೆ ನೋಡುತ್ತಿದ್ದ ಸಾಮಾನು ಕೈಗೆ ಬರಲು ಅಷ್ಟು ವರ್ಷ ಬೇಕಾಯಿತು.

1891ರಲ್ಲಿ ಪ್ಯಾರಿಸ್ಸಿಗೆ ಹೋಗಿ ಮರಿಯಾ ಮೇರಿಯಾದರು. 1893ರಲ್ಲಿ ಭೌತವಿಜ್ಞಾನದ ಪದವಿ ಪರೀಕ್ಷೆಯಲ್ಲಿ ಮೊದಲ ಸ್ಥಾನ, ಮರುವರ್ಷ ಗಣಿತದಲ್ಲಿ ಎರಡನೆಯ ಸ್ಥಾನ ಪಡೆದರು. 1895ರಲ್ಲಿ ಪಿಯರ್ ಕ್ಯೂರಿಯವರನ್ನು ಮದುವೆಯಾದರು. ಯುರೇನಿಯಂ ಲವಣಗಳಿಂದ ಹೊರಡುವ ಕಿರಣಗಳನ್ನು ಹೆನ್ರಿ ಬೆಕರೆಲ್ 1896ರಲ್ಲಿ ಕಂಡುಹಿಡಿದಿದ್ದರು. ಮೇರಿ ಅದನ್ನೇ ಸಂಶೋಧನೆಗೆ ಆರಿಸಿಕೊಂಡರು. ಆ ಕಿರಣಗಳು ಗಾಳಿಯಲ್ಲಿ ಉಂಟುಮಾಡುವ ವಿದ್ಯುತ್ ಪ್ರವಾಹ ತೀರಾ ಅಲ್ಪ. ಅದನ್ನು ಅಳೆಯಲು ಪಿಯರ್ ಮತ್ತು ಅವರ ಅಣ್ಣ ಜಾಕ್ ರೂಪಿಸಿದ್ದ ಎಲೆಕ್ಟ್ರೋಮೀಟರನ್ನು ಬಳಸಿದರು. ಅದಕ್ಕೆ ಜೋಡಿಸಿದ ಸ್ಫಟಿಕದ ಪಟ್ಟಿಯ ಮೇಲೆ ಸರಿಯಾದ ವೇಗದಲ್ಲಿ ತೂಕ ಹೇರುತ್ತ, ಸಮಯ ನೋಡಿಕೊಳ್ಳುತ್ತ, ಬೆಳಕಿನ ಚುಕ್ಕೆ ಕದಲದಂತೆ ಕಾಯಬೇಕು. ಸೂತ್ರ ಗೊತ್ತಿದ್ದರೆ ಸಾಲದು, ಕೈ ಪಳಗಬೇಕು. ಹಾಗೆ ಪಳಗಿದ ಕೈಯಿಂದಲೇ ಪಿಚ್‌ಬ್ಲೆಂಡ್ ಅದಿರಿನ ವಿಕಿರಣ ಅದರಲ್ಲಿರುವ ಯುರೇನಿಯಂಗೆ ಸಲ್ಲುವುದಕ್ಕಿಂತ ಬಹಳ ಹೆಚ್ಚೆಂದು ತಿಳಿದದ್ದು. 1898ರಲ್ಲಿ ಪೊಲೋನಿಯಂ ಮತ್ತು ರೇಡಿಯಂ ಇರುವುದನ್ನು ದಂಪತಿಗಳು ಪ್ರಕಟಿಸಿದರು.

ಆಮೇಲಿನದು ಗಾರೆ ಕೆಲಸದಷ್ಟೇ ಮೈಮುರಿಯುವ ದುಡಿಮೆ. ಸೋರುವ ಮಾಡಿನ ಒಂದು ಶೆಡ್ಡಿನಲ್ಲಿ ಒಂದು ಬಾರಿಗೆ 20 ಕಿಲೋವರೆಗಿನ ಅದಿರಿನ ರಾಡಿಯನ್ನು ಕುದಿಸಿ, ತಮ್ಮಷ್ಟೇ ಉದ್ದದ ಕಬ್ಬಿಣದ ಸಲಾಕೆಯಿಂದ ಮೇರಿ ಕಲಕುತ್ತಿದ್ದರು. ಟನ್‌ಗಟ್ಟಲೆ ಅದಿರನ್ನು ಸಂಸ್ಕರಿಸಿ 1902ರ ಹೊತ್ತಿಗೆ ದೊರೆತ ಶುದ್ಧ ರೇಡಿಯಂ ಕ್ಲೋರೈಡ್ ಒಂದು ಗ್ರಾಮಿನ ಹತ್ತನೆಯ ಒಂದು ಭಾಗ. ಇಷ್ಟಾದರೂ 1903ರ ನೊಬೆಲ್ ಪ್ರಶಸ್ತಿಗೆ ಮೊದಲು ಸೂಚಿತವಾದ ಹೆಸರುಗಳಲ್ಲಿ ಮೇರಿಯವರ ಹೆಸರಿರಲಿಲ್ಲ, ಬೆಕರೆಲ್ ಮತ್ತು ಪಿಯರ್ ಇಬ್ಬರದೇ ಇತ್ತು. ಸ್ವೀಡನ್ನಿನ ಗಣಿತಜ್ಞರೊಬ್ಬರು ಸುದ್ದಿ ಮುಟ್ಟಿಸಿದ ಮೇಲೆ ಪಿಯರ್ ಪತ್ರ ಬರೆದು ಒತ್ತಾಯಿಸಿದ್ದರಿಂದ ಅವರ ಹೆಸರು ಸೇರಿತು. ಕೆಲಸ ಮಾಡಿದವರು ಗಂಡ, ಜೊತೆಗಿದ್ದವರು ಹೆಂಡತಿ ಎಂದು ಜನ ಎಷ್ಟು ಸುಲಭವಾಗಿ ಭಾವಿಸುತ್ತಾರೆ ಎಂಬುದಕ್ಕೆ ನನ್ನ ಆರು ಗುಂಪುಗಳನ್ನು ಬಿಟ್ಟು ಬೇರೆ ಸಾಕ್ಷಿ ಹುಡುಕಬೇಕಾಗಿರಲಿಲ್ಲ.

ನಮ್ಮಂಥ ಪ್ರಶಿಕ್ಷಣಾರ್ಥಿಗಳು ತಿಳಿಯಬೇಕಾದ ಸಂಗತಿ ಇನ್ನೊಂದಿದೆ. 1900ರಿಂದ ಮೇರಿ ಪ್ಯಾರಿಸ್ಸಿನ ಸಮೀಪದ ಸೆವ್ರ್‌ನಲ್ಲಿ ಪಾಠ ಹೇಳುತ್ತಿದ್ದರು. ಅದು ಹೆಣ್ಣುಮಕ್ಕಳನ್ನು ಶಿಕ್ಷಕಿಯರಾಗಿ ತಯಾರು ಮಾಡುವ ಕಾಲೇಜು. ಭೌತವಿಜ್ಞಾನವನ್ನು ಅವರು ಅಲ್ಲಿ ಪ್ರಯೋಗಗಳ ಮೂಲಕ ಕಲಿಸಿದರು. 1906ರಲ್ಲಿ ಪಿಯರ್ ಕುದುರೆಗಾಡಿಯಡಿ ಸಿಕ್ಕಿ ತೀರಿಕೊಂಡರು. ಇಬ್ಬರು ಹೆಣ್ಣುಮಕ್ಕಳು ಚಿಕ್ಕವರು. ಗಂಡನ ಹುದ್ದೆಯನ್ನು ವಹಿಸಿಕೊಂಡು ಮೇರಿ ಸೊರ್ಬಾನ್ ವಿಶ್ವವಿದ್ಯಾಲಯದ ಮೊದಲ ಮಹಿಳಾ ಪ್ರಾಧ್ಯಾಪಕಿಯಾದರು. ಅದಾದ ಮೇಲೂ, ಮಗಳು ಐರೀನ್ ಮತ್ತು ಸಹೋದ್ಯೋಗಿಗಳ ಮಕ್ಕಳಿಗಾಗಿ ಕೆಲವು ಪ್ರಾಧ್ಯಾಪಕರು ಸೇರಿ ಸುಮಾರು ಎರಡು ವರ್ಷ ಒಂದು ಪುಟ್ಟ ಶಾಲೆ ನಡೆಸಿದಾಗ ಭೌತವಿಜ್ಞಾನದ ಪಾಠ ಮೇರಿಯವರದಾಗಿತ್ತು. ಸೈಕಲ್ಲಿನ ಬೇರಿಂಗಿನ ಗುಂಡುಗಳನ್ನು ಶಾಯಿಯಲ್ಲಿ ಅದ್ದಿ ಇಳಿಜಾರಿನ ಹಲಗೆಯ ಮೇಲೆ ಉರುಳಬಿಟ್ಟು, ಅವು ಬಿಡಿಸಿದ ಪರವಲಯದ ಗುರುತನ್ನು ಮಕ್ಕಳಿಗೆ ತೋರಿಸಿದರು. ಅಲ್ಲಿ ಹುಡುಗಿಯರೂ ಹುಡುಗರಂತೆಯೇ ಕೈ ಕೊಳೆ ಮಾಡಿಕೊಂಡರು.

1911ರಲ್ಲಿ ರಸಾಯನವಿಜ್ಞಾನದ ನೊಬೆಲ್ ಬಂತು. ಅದೇ ವರ್ಷ ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಸದಸ್ಯತ್ವದ ಚುನಾವಣೆಯಲ್ಲಿ ಅವರು ಸೋತಿದ್ದರು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಗಾಯಾಳು ಸೈನಿಕರ ಮೈಯಲ್ಲಿ ಗುಂಡು ಎಲ್ಲಿದೆ, ಮೂಳೆ ಎಲ್ಲಿ ಮುರಿದಿದೆ ಎಂದು ತಿಳಿಯಲು ಯುದ್ಧಭೂಮಿಯ ಹತ್ತಿರ ಎಕ್ಸ್‌ರೇ ಯಂತ್ರಗಳಿರಲಿಲ್ಲ. ಮೇರಿ ದಾನಿಗಳಿಂದ ಕಾರುಗಳನ್ನು ಕೇಳಿ ಪಡೆದು ಅವುಗಳಲ್ಲಿ ಎಕ್ಸ್‌ರೇ ನಳಿಕೆ, ಪರದೆ, ಡೈನಮೋ ಕೂರಿಸಿದರು. ಆಸ್ಪತ್ರೆಯ ಮುಂದೆ ಗಾಡಿ ನಿಲ್ಲಿಸಿ, ಅದರ ಎಂಜಿನ್ನಿನಿಂದಲೇ ಡೈನಮೋ ತಿರುಗಿಸಿ, ಕೇಬಲ್ಲನ್ನು ಒಳಗೆ ಎಳೆದರೆ ವಿದ್ಯುತ್ ಸಿದ್ಧ. ಕಿಟಕಿಗಳಿಗೆ ಕಪ್ಪು ಪರದೆ ಕಟ್ಟಿದರೆ ಕೊಠಡಿ ಸಿದ್ಧ. ಇಂಥ 20 ಗಾಡಿಗಳು, ಸುಮಾರು 200 ಸ್ಥಿರ ಎಕ್ಸ್‌ರೇ ಕೊಠಡಿಗಳು ಅವರ ಶ್ರಮದಿಂದ ಸಜ್ಜಾದವು. ಈ ಸೇವೆಯಿಂದ ಹತ್ತು ಲಕ್ಷಕ್ಕೂ ಹೆಚ್ಚು ಗಾಯಾಳುಗಳ ತಪಾಸಣೆ ನಡೆಯಿತೆಂಬ ಅಂದಾಜಿದೆ. ನಲವತ್ತಾರು ದಾಟಿದ, ಎರಡು ನೊಬೆಲ್ ಪಡೆದ ಪ್ರಾಧ್ಯಾಪಕಿ ಅಂಗರಚನಾಶಾಸ್ತ್ರ ಓದಿದರು, ಕಾರು ಓಡಿಸಲು ಕಲಿತು 1916ರಲ್ಲಿ ಲೈಸೆನ್ಸ್ ಪಡೆದರು, ಚಕ್ರ ಬದಲಿಸುವುದನ್ನೂ ಎಂಜಿನ್ ರಿಪೇರಿಯನ್ನೂ ಕಲಿತರು.

ಯಂತ್ರಗಳಿದ್ದರೂ ನಡೆಸುವವರು ಬೇಕಲ್ಲ. ಮೇರಿ ಮಹಿಳೆಯರನ್ನು ಆರಿಸಿಕೊಂಡರು. ಕೆಲವೇ ವಾರಗಳ ತರಬೇತಿಯಲ್ಲಿ ವಿದ್ಯುತ್ತು, ಎಕ್ಸ್‌ರೇ, ಅಂಗರಚನೆಯ ಪಾಠಗಳ ಜೊತೆ ಯಂತ್ರ ನಡೆಸುವ ಅಭ್ಯಾಸ ಮಾಡಿಸಿ ಸುಮಾರು 150 ಮಂದಿಯನ್ನು ಎಕ್ಸ್‌ರೇ ತಂತ್ರಜ್ಞೆಯರನ್ನಾಗಿ ಮಾಡಿ ಕಳಿಸಿದರು. ಯುದ್ಧ ಶುರುವಾದಾಗ ಹದಿನೇಳಾಗುತ್ತಿದ್ದ ಐರೀನ್ ತಾಯಿಯೊಡನೆ ಹೊರಟು, ಹದಿನೆಂಟರ ಹೊತ್ತಿಗೆ ಯುದ್ಧಭೂಮಿಯ ಆಸ್ಪತ್ರೆಯಲ್ಲಿ ತಾನೇ ಎಕ್ಸ್‌ರೇ ಕೊಠಡಿಯನ್ನು ನಡೆಸಿದಳು, ಬೇರೆಯವರಿಗೆ ಕಲಿಸಿದಳು. 1935ರಲ್ಲಿ ಪತಿ ಫ್ರೆಡೆರಿಕ್ ಜೋಲಿಯೋ ಜೊತೆ ಆಕೆಗೂ ನೊಬೆಲ್ ಬಂತು. ಅದನ್ನು ನೋಡಲು ತಾಯಿ ಇರಲಿಲ್ಲ. ವರ್ಷಾನುಗಟ್ಟಲೆ ವಿಕಿರಣಕ್ಕೆ ಮೈಯೊಡ್ಡಿದ್ದರ ಫಲವಾಗಿ ರಕ್ತದ ಕಾಯಿಲೆಯಿಂದ 1934ರ ಜುಲೈ 4ರಂದು ಮೇರಿ ತೀರಿಕೊಂಡಿದ್ದರು. ಅಪಾಯ ಎಷ್ಟೆಂದು ಆ ಕಾಲಕ್ಕೆ ಸರಿಯಾಗಿ ಅರಿವಿರಲಿಲ್ಲ, ರಕ್ಷಣೆಯೂ ಸಾಲದಾಗಿತ್ತು. ಉಪಕರಣ ಕೊಡುವಾಗ ಸುರಕ್ಷತೆಯನ್ನೂ ಕಲಿಸಬೇಕೆಂದು ತರಗತಿಯಲ್ಲಿ ಇದನ್ನೂ ಬಿಡದೆ ಹೇಳಿದೆ.

ಕಥೆ ಮುಗಿದ ಮೇಲೆ ನೊಬೆಲ್ ಬಗ್ಗೆ ಯಾರೂ ಕೇಳಲಿಲ್ಲ. ಆ 150 ಮಂದಿ ಎಷ್ಟು ಓದಿದ್ದವರು, ಅವರಿಗೆ ಶಾಕ್ ಹೊಡೆಯುತ್ತಿರಲಿಲ್ಲವೇ, ಕಾರು ಕೆಟ್ಟರೆ ಏನು ಮಾಡುತ್ತಿದ್ದರು ಎಂದೆಲ್ಲ ಹುಡುಗಿಯರು ಕೇಳಿದರು. ಮೇರಿ ಕ್ಯೂರಿಯಂತೆ ಆಗುವುದು ನಮ್ಮಿಂದಾಗದು ಎನ್ನುವ ಮಕ್ಕಳಿಗೆ ಆ 150 ಮಂದಿಯಲ್ಲಿ ಒಬ್ಬಳಾಗುವುದು ಸಾಧ್ಯವೆನ್ನಿಸಿತು ಎಂದು ನನ್ನ ಊಹೆ.

ಸಂಜೆ, ತಂತಿ ಕೆಳಗಿಟ್ಟಿದ್ದ ಹುಡುಗಿ ಸ್ಟಾಫ್ ರೂಮಿನ ಬಾಗಿಲಿಗೆ ಬಂದಳು. ಅವಳ ತಂದೆಯದು ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಅಂಗಡಿಯಂತೆ. ಮನೆಯಲ್ಲಿ ಕಾಯಿಲ್ ಸುತ್ತುವಾಗ ಸುತ್ತು ಎಣಿಸಿ ಬರೆದಿಡುವುದು ಇವಳ ಕೆಲಸ. ಸುತ್ತುವುದು ಅಣ್ಣನ ಕೆಲಸ. ಐಟಿಐನಲ್ಲಿ ಎಲೆಕ್ಟ್ರೀಷಿಯನ್ ಟ್ರೇಡಿಗೆ ಹುಡುಗಿಯರನ್ನು ತೆಗೆದುಕೊಳ್ಳುತ್ತಾರಾ ಮಿಸ್ ಎಂದು ಕೇಳಿದಳು. ಚೆನ್ನಾಗಿ ಓದುತ್ತೀಯಲ್ಲ, ಪಿಯುಸಿ ಸೈನ್ಸ್ ಮಾಡಿ ಆಮೇಲೆ ಬಿ.ಇಡಿ. ಮಾಡು ಎಂದು ನನ್ನ ಬಾಯಲ್ಲಿ ಬಂದೇಬಿಟ್ಟಿತು. ಡಿಪ್ಲೊಮಾ ಸೇರುತ್ತೇನೆಂದಿದ್ದ ನನಗೆ ಮನೆಯಲ್ಲಿ ಹೇಳಿದ್ದೂ ಇದೇ ಮಾತು. ಈ ಓದು ನನಗೆ ಬೇಸರ ತಂದಿಲ್ಲ, ಆದರೆ ಆಗ ಆಯ್ದುಕೊಂಡವಳು ನಾನಾಗಿರಲಿಲ್ಲ. ಅವಳು ತಲೆಯಾಡಿಸಿ ಹೊರಟಳು.

ಮರುದಿನ ಅವಳನ್ನು ಕರೆದು ನನ್ನ ಉತ್ತರ ತಪ್ಪಾಗಿತ್ತೆಂದು ಹೇಳಿದೆ. ಹುಡುಗಿಯರೂ ಸೇರಬಹುದು, ವಿಜ್ಞಾನ ಗಣಿತ ಓದಿ ಹತ್ತನೆಯ ತರಗತಿ ಪಾಸಾಗಿರಬೇಕು, ಎರಡು ವರ್ಷದ ಕೋರ್ಸು, ಇನ್ನೂ ಓದಬೇಕೆಂದರೆ ಮೂರು ವರ್ಷದ ಡಿಪ್ಲೊಮಾ ಇದೆ ಎಂದು ವಿವರಿಸಿದೆ. ಮನೆಯಲ್ಲಿ ಕೇಳುತ್ತೇನೆ ಎಂದಳು. ಏನಾಯಿತೆಂದು ತಿಳಿಯುವ ಮೊದಲೇ ನನ್ನ ಬೋಧನಾಭ್ಯಾಸ ಮುಗಿಯಿತು.

ನಂತರದ ಪ್ರಯೋಗಗಳಲ್ಲಿ ನಾನು ಮಾಡಿದ್ದು ಸಣ್ಣ ಬದಲಾವಣೆ. ಜೋಡಿಸುವವರು, ಓದುವವರು, ಬರೆಯುವವರು ಎಂದು ಚೀಟಿ ಮಾಡಿ ಪ್ರತಿ ಸಲ ಸರದಿ ಬದಲಿಸಿದೆ. ಜೋಡಿಸುವ ಸರದಿ ಬಂದವರ ಕೈಯಿಂದ ಬೇರೆ ಯಾರೂ ತಂತಿ ಕಿತ್ತುಕೊಳ್ಳಬಾರದೆಂದು ನಿಯಮ ಮಾಡಿದೆ. ಮೊದಲ ದಿನ ಹೆಚ್ಚು ಸಮಯ ಹಿಡಿಯಿತು, ಪಾಠ ಅರ್ಧಕ್ಕೆ ನಿಂತಿತು, ವೀಕ್ಷಣಾ ಟಿಪ್ಪಣಿಯಲ್ಲಿ ಸಮಯ ಪಾಲನೆಗೆ ಅಂಕ ಕಡಿಮೆಯಾಯಿತು. ಮುಂದೆ ಬೋಧನಾಭ್ಯಾಸಕ್ಕೆ ಹೋಗುವವರು ಇದಕ್ಕಾಗಿ ಪಾಠ ಯೋಜನೆಯಲ್ಲೇ ಹತ್ತು ನಿಮಿಷ ಹೆಚ್ಚು ಇಟ್ಟುಕೊಳ್ಳುವುದು ಒಳ್ಳೆಯದು.

ಕೊನೆಯ ವಾರ ಪ್ರತಿರೋಧಕಗಳ ಸಮಾಂತರ ಜೋಡಣೆಯ ಪ್ರಯೋಗವಿತ್ತು. ಆ ಹುಡುಗಿಗೆ ಜೋಡಿಸುವ ಚೀಟಿ ಬಂತು. ಅಮ್ಮೀಟರಿನ ಮುಳ್ಳು ಮೊದಲು ಹಿಂದಕ್ಕೆ ಬಡಿಯಿತು. ಅವಳು ಸ್ವಿಚ್ ತೆಗೆದು, ತುದಿಗಳನ್ನು ಅದಲುಬದಲು ಮಾಡಿ, ಮತ್ತೆ ಸ್ವಿಚ್ ಹಾಕಿದಳು. ಮುಳ್ಳು ಸರಿಯಾಗಿ ಓಡಿತು. ಆ ದಿನ ಅವರ ಗುಂಪಿನ ಕೋಷ್ಟಕ ಬರೆದವನು ಒಬ್ಬ ಹುಡುಗ. ಅಕ್ಷರ ಕಾಗೆ ಕಾಲಿನಂತಿತ್ತು, ಓದಿಂಗುಗಳೆಲ್ಲ ಸರಿಯಿದ್ದವು. ಪೂರ್ತಿ ಅಂಕ ಕೊಟ್ಟೆ.